ಸಂಕೋಚ ಬೇಡ, ಹೇಳಿಬಿಡಿ

ಗರ್ಭಿಣಿಯರಿಗೆ ಪತಿಯೊಡನೆ ಕೂಡಿದ ಬಳಿಕ ಒಳಬಟ್ಟೆಯ ಮೇಲೆ ರಕ್ತದ ಕಲೆ ಕಾಣುವುದುಂಟು. ಭಯಕ್ಕಿಂತ ನಾಚಿಕೆಯೇ ಹೆಚ್ಚಾಗಿ, ಅತ್ತೆಗೂ ಆಶಾ ಕಾರ್ಯಕರ್ತೆಗೂ ಹೇಳದೆ ಸುಮ್ಮನಿರುವವರಿದ್ದಾರೆ. ಅಪಾಯವಿರುವುದು ಈ ಮೌನದಲ್ಲಿ.

ಬಸಿರಿನಲ್ಲಿ ಗರ್ಭಕೋಶದ ಕೊರಳಿಗೆ ರಕ್ತಸಂಚಾರ ಹೆಚ್ಚಿ ಅದು ಮೃದುವಾಗುತ್ತದೆ. ಸ್ಪರ್ಶವಾದರೆ ಒಂದೆರಡು ಹನಿ ಒಸರಬಹುದು. ಬಹುಮಟ್ಟಿಗೆ ಇದು ತಾನಾಗಿ ನಿಲ್ಲುತ್ತದೆ, ಶಿಶುವಿಗೆ ಕೇಡಿಲ್ಲ. ಆದರೆ ಸೋಂಕು, ಗರ್ಭಪಾತದ ಆರಂಭ, ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿರುವುದು ಇವೂ ಹೀಗೆಯೇ ತೋರಬಹುದು. ಈ ಭೇದ ಮನೆಯಲ್ಲಿ ತಿಳಿಯದು. ಆದ್ದರಿಂದ ಕಲೆ ಅಲ್ಪವಾದರೂ ತಡಮಾಡದೆ ವೈದ್ಯರಿಗೆ ತಿಳಿಸಿರಿ. ಕೂಡಿದ ಬಳಿಕ ಕಂಡಿತೆಂಬುದನ್ನೂ ಮರೆಮಾಚಬೇಡಿರಿ. ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಅದನ್ನೂ ಹೇಳಿರಿ. 72 ಗಂಟೆಗಳೊಳಗೆ ಆ್ಯಂಟಿ-ಡಿ ಚುಚ್ಚುಮದ್ದು ಬೇಕಾಗಬಹುದು.

ರಕ್ತ ಹೆಚ್ಚಾಗಿ ಹರಿದರೆ, ಹೊಟ್ಟೆನೋವು ಅಥವಾ ತಲೆಸುತ್ತು ಬಂದರೆ, ಐದು ತಿಂಗಳು ಕಳೆದ ಮೇಲೆ ನೋವಿಲ್ಲದೆಯೇ ಕೆಂಪು ರಕ್ತ ಕಂಡರೆ, ಕೂಡಲೇ 108ಕ್ಕೆ ಕರೆಮಾಡಬೇಕು.

ಹಿಂದೂಪುರ, ಕಲ್ಯಾಣದುರ್ಗಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ತೆಲುಗಿನಲ್ಲಿ ಹೇಳುವುದು ಹೇಗೆಂದು ಅಂಜಬೇಕಿಲ್ಲ. ನಮ್ಮ ‘ರಕ್ತಸ್ರಾವ’ ಅಲ್ಲಿ ‘ರಕ್ತಸ್ರಾವಂ’; ಅಷ್ಟೇ ವ್ಯತ್ಯಾಸ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಗರ್ಭಿಣಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧಿ, ಅಗತ್ಯವಾದರೆ ರಕ್ತವೂ ಉಚಿತ. ಪ್ರತಿ ತಿಂಗಳ 9ರಂದು ವಿಶೇಷ ತಪಾಸಣೆಯುಂಟು. ಆದರೆ ಕಲೆ ಕಂಡವರು ಆ ದಿನಕ್ಕಾಗಿ ಕಾಯಬಾರದು.

ಪತಿಯಂದಿರಿಗೂ ಒಂದು ಮಾತು: ವೈದ್ಯರು ಒಪ್ಪುವವರೆಗೆ ದೂರವಿರಿ, ಆಸ್ಪತ್ರೆಗೆ ಜೊತೆಯಲ್ಲಿ ಹೋಗಿರಿ.