ಹರಿದ ಪಾದರಕ್ಷೆಯ ಆನೆ

ಕಳೆದ ತಿಂಗಳು ನೆರೆಮನೆಯ ಹುಡುಗನ ಕೈಯಲ್ಲಿ ನಾವು ಒಂದು ಆನೆಯನ್ನು ಕಂಡೆವು. ಗೇಣುದ್ದದ ಆನೆ. ಬೆನ್ನು ನೀಲಿ, ಹೊಟ್ಟೆ ಹಳದಿ, ಸೊಂಡಿಲಿನ ತುಂಬ ಕೆಂಪು ಬಿಳುಪಿನ ಪಟ್ಟೆಗಳು. ಮುಟ್ಟಿದರೆ ಮೆತ್ತಗೆ, ಎತ್ತಿದರೆ ಬಲು ಹಗುರ. ಮರದ್ದಲ್ಲ, ಮಣ್ಣಿನದಲ್ಲ, ಬಟ್ಟೆಯದೂ ಅಲ್ಲ. ಏತರಿಂದಾದುದೆಂದು ವಿಚಾರಿಸಲಾಗಿ, ನೈರೋಬಿ ನಗರದಲ್ಲಿ ಉದ್ಯೋಗದಲ್ಲಿರುವ ಹುಡುಗನ ತಂದೆ ರಜಕ್ಕೆ ಬಂದಾಗ ತಂದುದೆಂದೂ, ಸಮುದ್ರದ ದಡಕ್ಕೆ ಬಂದು ಬಿದ್ದ ಹಳೆಯ ಹವಾಯಿ ಚಪ್ಪಲಿಗಳನ್ನು ಅಂಟಿಸಿ ಕೊರೆದು ಮಾಡಿದುದೆಂದೂ ತಿಳಿಯಿತು.

ಚಪ್ಪಲಿಯೆಂಬ ಮಾತು ಕಿವಿಗೆ ಬಿದ್ದೊಡನೆ ಆ ಮನೆಯ ಅಜ್ಜಿಯವರು ಒಳಗಿನಿಂದ ಬಂದರು. “ಮೇಷ್ಟ್ರೇ, ನೀವೇ ಹೇಳಿ. ಎಕ್ಕಡವನ್ನು ಹೊಸಿಲಿನಿಂದಾಚೆ ಬಿಟ್ಟು ಒಳಕ್ಕೆ ಬರುವವರು ನಾವು. ಅದರಲ್ಲೇ ಮಾಡಿದ ಆನೆಯನ್ನು ತಂದು ನಡುಮನೆಯಲ್ಲಿಡುವುದೇ?” ಎಂದು ಕೇಳಿದರು. ಭರತನು ಪಾದುಕೆಗಳನ್ನು ಸಿಂಹಾಸನದ ಮೇಲಿಟ್ಟು ಹದಿನಾಲ್ಕು ವರ್ಷ ರಾಜ್ಯವಾಳಲಿಲ್ಲವೇ, ತಾಯಿ, ಎಂದು ನಾವು ನಗುತ್ತ ಉತ್ತರ ಕೊಟ್ಟೆವು. ಆ ವೃದ್ಧೆಯು ನಗಲಿಲ್ಲ. “ಅದು ರಾಮದೇವರ ಪಾದುಕೆ, ಮೇಷ್ಟ್ರೇ. ಇದು ಯಾರದ್ದು?” ಎಂದರು.

ಮೂವತ್ತು ವರ್ಷ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿದ ನಮಗೆ ಈ ಪ್ರಶ್ನೆಗೆ ಥಟ್ಟನೆ ಉತ್ತರ ತೋಚಲಿಲ್ಲ. ಅದನ್ನೇ ಹಿಡಿದು ಹೊರಟು, ಓದಿ ತಿಳಿದುಕೊಂಡುದನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಆಫ್ರಿಕ ಖಂಡದ ಪೂರ್ವತೀರದಲ್ಲಿ, ಕೀನ್ಯಾ ದೇಶದ ಅಂಚಿನಲ್ಲಿ, ಸೋಮಾಲಿಯದ ಗಡಿಗೆ ಸಮೀಪವಾಗಿ ಲಾಮು ದ್ವೀಪಸಮೂಹವಿರುವುದು. ಅದಕ್ಕೆ ಸೇರಿದ ಕಿವಾಯು ಎಂಬುದು ಮೀನುಗಾರರ ಒಂದು ಸಣ್ಣ ದ್ವೀಪ. ಅದರ ಸುತ್ತಣ ಕಡಲು 1979ರಿಂದ ಕಿಯುಂಗ ಎಂಬ ಹೆಸರಿನ ರಕ್ಷಿತ ಸಾಗರಪ್ರದೇಶಕ್ಕೆ ಸೇರಿದೆ. ಕಡಲಾಮೆಗಳು ಅಲ್ಲಿಯ ಮರಳಿನಲ್ಲಿ ಮೊಟ್ಟೆಯಿಡುವುವು. 1997ರ ಸುಮಾರಿಗೆ ಸಾಗರಜೀವಿಗಳ ರಕ್ಷಣೆಯ ಕೆಲಸದಲ್ಲಿದ್ದ ಜೂಲಿ ಚರ್ಚ್ ಎಂಬಾಕೆ ಆ ದಡದಲ್ಲಿ ಎರಡು ಸಂಗತಿಗಳನ್ನು ಕಂಡಳು. ಮೊದಲನೆಯದು, ಅಲೆಗಳು ತಂದೊಟ್ಟಿದ ಕಸದ ರಾಶಿ. ಮೊಟ್ಟೆಯಿಡಲು ಮೇಲೇರುವ ಆಮೆಗಳಿಗೂ ಮರಳಿನಿಂದ ಹೊರಬಿದ್ದು ನೀರಿನತ್ತ ಹರಿಯುವ ಮರಿಗಳಿಗೂ ಅದು ಅಡ್ಡಿಯಾಗುವುದು. ಆ ರಾಶಿಯಲ್ಲಿ ಹವಾಯಿ ಚಪ್ಪಲಿಗಳಿಗೆ ಲೆಕ್ಕವೇ ಇರಲಿಲ್ಲ. ಎರಡನೆಯದು, ಅದೇ ಚಪ್ಪಲಿಗಳನ್ನು ಕೊಯ್ದು ಆಟದ ಸಾಮಾನು ಮಾಡಿಕೊಂಡು ನಲಿಯುತ್ತಿದ್ದ ಮಕ್ಕಳು. ಮಕ್ಕಳು ಮಾಡಿದುದನ್ನು ತಾಯಂದಿರೇಕೆ ಮಾಡಬಾರದೆಂದು ಆಕೆ ಯೋಚಿಸಿದಳು. ಊರಿನ ಹೆಂಗಸರು ಚಪ್ಪಲಿಗಳನ್ನು ಆಯ್ದು, ತೊಳೆದು, ಬಣ್ಣ ಬಣ್ಣದ ಸಣ್ಣಪುಟ್ಟ ವಸ್ತುಗಳನ್ನು ಮಾಡಿ ಮಾರತೊಡಗಿದರು. ಆ ಆರಂಭವೇ ಬೆಳೆದು ಇಂದು ನೈರೋಬಿಯಲ್ಲಿ ‘ಓಷನ್ ಸೋಲ್’ ಎಂಬ ಉದ್ಯಮವಾಗಿದೆ. ‘ಕಡಲಿನ ಅಟ್ಟೆ’ ಎಂದು ಆ ಹೆಸರಿನ ಅರ್ಥ.

ಇಷ್ಟು ಚಪ್ಪಲಿಗಳು ಒಂದು ದಡಕ್ಕೆ ಹೇಗೆ ಬಂದುವೆಂದು ಕೇಳಬಹುದು. ಹವಾಯಿ ಚಪ್ಪಲಿಯ ಅಟ್ಟೆ ಈಗ ಬಹುಮಟ್ಟಿಗೆ ನೊರೆಯಂತೆ ಉಬ್ಬಿಸಿದ ಒಂದು ಬಗೆಯ ಪ್ಲಾಸ್ಟಿಕ್ಕು. ಅದರ ಒಡಲಲ್ಲೆಲ್ಲ ಗಾಳಿಯ ಸಣ್ಣ ಗೂಡುಗಳಿರುವುದರಿಂದ ನಡೆಯುವವನಿಗೆ ಮೆತ್ತಗಾಗಿರುವುದು. ಅದೇ ಗಾಳಿಯ ದೆಸೆಯಿಂದ ನೀರಿನಲ್ಲಿ ಮುಳುಗದೆ ತೇಲುವುದು. ತೊಗಲಿನ ಜೋಡಾದರೆ ನೀರಿನಲ್ಲಿ ನೆನೆದು ಕ್ರಮೇಣ ಕೊಳೆಯುತ್ತಿತ್ತು. ಇದು ಕೊಳೆಯುವುದಿಲ್ಲ. ಬಿಸಿಲಿಗೂ ಅಲೆಗೂ ಸಿಕ್ಕಿ ಬಿರಿದು ಚೂರಾಗುವುದೇ ಹೊರತು ಮಣ್ಣಾಗುವುದಿಲ್ಲ. ಆ ಚೂರನ್ನು ಮೀನು ನುಂಗುವುದು. ಬಡವನ ಕಾಲಿಗೆ ಅಗ್ಗದಲ್ಲಿ ರಕ್ಷೆ ಕೊಟ್ಟ ವಸ್ತುವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಬರಿಗಾಲಿನಲ್ಲಿ ಶಾಲೆಗೆ ಬರುತ್ತಿದ್ದ ಮಕ್ಕಳನ್ನು ಕಂಡವರು ನಾವು. ಅದರ ಆಯುಸ್ಸು ಎಷ್ಟು, ನಾವು ಅದನ್ನು ಬಳಸುವ ಕಾಲವೆಷ್ಟು ಎಂಬ ಅಂತರವನ್ನು ಮಾತ್ರ ತೋರಿಸುತ್ತಿದ್ದೇವೆ.

ಇನ್ನು ಆನೆಯನ್ನು ಮಾಡುವ ಕ್ರಮ. ದಡದಲ್ಲಿ ಆಯ್ದವರಿಂದ ಚಪ್ಪಲಿಗಳನ್ನು ತೂಕದ ಮೇಲೆ ಕೊಳ್ಳುತ್ತಾರೆ. ಅವುಗಳನ್ನು ಸೋಪಿನ ನೀರಿನಲ್ಲಿ ತಿಕ್ಕಿ ತೊಳೆದು ಒಣಗಿಸುತ್ತಾರೆ. ಬಣ್ಣ ನೋಡಿ ವಿಂಗಡಿಸಿ, ಒಂದರ ಮೇಲೊಂದನ್ನು ಅಂಟಿಸಿ, ಒತ್ತಿ ದಿಮ್ಮಿ ಮಾಡುತ್ತಾರೆ. ಕುಶಲಿಯು ಚೂಪಾದ ಚಾಕುವಿನಿಂದ ಆ ದಿಮ್ಮಿಯನ್ನು ಕೊರೆದು ಆನೆ, ಜಿರಾಫೆ, ಸಿಂಹ, ಖಡ್ಗಮೃಗ, ಆಮೆಗಳನ್ನು ಹೊರತೆಗೆಯುತ್ತಾನೆ. ಬಳಿಕ ಉಜ್ಜಿ ನುಣುಪುಮಾಡಿ ಮತ್ತೊಮ್ಮೆ ತೊಳೆಯುತ್ತಾರೆ. ಬಣ್ಣ ಬಳಿಯುವುದೆಂಬುದಿಲ್ಲ. ಒಂದೊಂದು ಪಟ್ಟೆಯೂ ಒಂದೊಂದು ಚಪ್ಪಲಿ. ಅಂಗೈಯಲ್ಲಿ ಹಿಡಿಸುವ ಬೊಂಬೆಯಿಂದ ಹಿಡಿದು ನಿಜವಾದ ಪ್ರಾಣಿಯಷ್ಟು ಎತ್ತರದ ಮೂರ್ತಿಯವರೆಗೆ ಅಲ್ಲಿ ತಯಾರಾಗುವುವು.

ಕೊರೆಯುವ ಈ ಕೈಗಳು ಎಲ್ಲಿಂದ ಬಂದುವೆಂಬುದನ್ನೂ ತಿಳಿಯಬೇಕು. ಕೀನ್ಯಾದ ಕಾಂಬ ಜನರು ಮರದ ಕೆತ್ತನೆಗೆ ಹೆಸರಾದವರು. ಒಂದನೆಯ ಮಹಾಯುದ್ಧದ ಕಾಲದಲ್ಲಿ ಟಾಂಗನಿಕಾಕ್ಕೆ ಹೋಗಿದ್ದ ವಾಮುನ್ಯು ಎಂಬ ಊರಿನ ಮುತಿಸ್ಯ ಮುಂಗೆ ಎಂಬಾತನು ಅಲ್ಲಿಯ ಶಿಲ್ಪಿಗಳಿಂದ ಈ ವಿದ್ಯೆಯನ್ನು ಕಲಿತು ತನ್ನವರಿಗೆ ಕಲಿಸಿದನೆಂದು ಹೇಳುತ್ತಾರೆ. ಪ್ರವಾಸಿಗರು ಹೆಚ್ಚಿದಂತೆ ಬೊಂಬೆಗಳಿಗೆ ಗಿರಾಕಿ ಹೆಚ್ಚಿತು. ಕರಿಮರವೇ ಮೊದಲಾದ ಗಟ್ಟಿಮರಗಳು ಕಾಡಿನಲ್ಲಿ ವಿರಳವಾದುವು. ಮರದ ಆನೆಯನ್ನು ಮಾಡಲು ಹೋಗಿ ನಿಜವಾದ ಆನೆಯ ಕಾಡನ್ನೇ ಕಡಿದಂತಾಯಿತು. ಇದಕ್ಕೆ ಪರಿಹಾರವಾಗಿ ಕೆತ್ತನೆಗಾರರು ಬೇಗ ಬೆಳೆಯುವ ಮರಗಳತ್ತ ತಿರುಗಿದರು. ಅವುಗಳಲ್ಲಿ ನಮ್ಮ ಬೇವೂ ಒಂದು. ಭಾರತದಿಂದ ಅಲ್ಲಿಗೆ ಹೋದ ಆ ಮರವನ್ನು ಸ್ವಾಹಿಲಿ ಭಾಷೆಯಲ್ಲಿ ‘ಮ್ವಾರೊಬೈನಿ’ ಎನ್ನುತ್ತಾರೆ. ನಲವತ್ತು ರೋಗಗಳಿಗೆ ಮದ್ದೆಂಬ ನಂಬಿಕೆಯಿಂದ, ನಲವತ್ತೆಂಬ ಸಂಖ್ಯೆಯೇ ಮರದ ಹೆಸರಾಯಿತು. ಮರವನ್ನು ಬಿಟ್ಟು ಚಪ್ಪಲಿಯ ದಿಮ್ಮಿಗೆ ಬಂದ ಕುಶಲಿಗಳು ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದವರು. ಉಳಿ ಹಿಡಿದ ಕೈಗೆ ಚಾಕು ಬಂದಿತು, ವಿದ್ಯೆ ಕೆಡಲಿಲ್ಲ, ಮರವೊಂದು ಉಳಿಯಿತು.

ಈ ಉದ್ಯಮವನ್ನು ನಾವು ಮೆಚ್ಚುವುದು ಬೊಂಬೆಯ ಅಂದಕ್ಕಾಗಿ ಮಾತ್ರವಲ್ಲ. ಬೆಲೆಯೇ ಇಲ್ಲದ ವಸ್ತುವಿಗೆ ಬೆಲೆ ಬಂದಿತು. ಬಗ್ಗಿ ಆಯ್ದವಳಿಗೆ ನಾಲ್ಕು ಕಾಸು, ತೊಳೆದವಳಿಗೆ ಕೂಲಿ, ಕೊರೆದವನಿಗೆ ಸಂಬಳ ದೊರೆಯಿತು. ಆದಾಯದಲ್ಲಿ ಒಂದು ಪಾಲು ತೀರದ ಶುದ್ಧಿಗೂ ಪ್ರಾಣಿಗಳ ರಕ್ಷಣೆಗೂ ಹೋಗುವುದು. ದಾನವನ್ನು ಬೇಡದೆ, ಮಾಡಿದ ವಸ್ತುವನ್ನು ಮಾರಿ ಬದುಕುವುದರಲ್ಲಿ ಒಂದು ಮರ್ಯಾದೆಯುಂಟು. ಅದೇ ಲಾಮುವಿನಲ್ಲಿ ಇನ್ನು ಕೆಲವರು ಸುಮಾರು 10 ಟನ್ನು ಪ್ಲಾಸ್ಟಿಕ್ ಕಸವನ್ನು ಕರಗಿಸಿ ಹಲಗೆ ಮಾಡಿ, ಹಳೆಯ ಕ್ರಮದಲ್ಲಿಯೇ ಒಂದು ಹಾಯಿದೋಣಿಯನ್ನು ಕಟ್ಟಿದರು. ಅದರ ಹೊರಮೈಗೆ ಸುಮಾರು 30,000 ಚಪ್ಪಲಿಗಳ ಹೊದಿಕೆ. ‘ಫ್ಲಿಪ್‌ಫ್ಲಾಪಿ’ ಎಂಬ ಹೆಸರಿನ ಆ ದೋಣಿಯು 2018ರಲ್ಲಿ ನೀರಿಗಿಳಿದು, 2019ರ ಆರಂಭದಲ್ಲಿ ಸುಮಾರು 500 ಕಿಲೋಮೀಟರು ದೂರದ ಜಂಜಿಬಾರನ್ನು ಮುಟ್ಟಿತು.

ಇಷ್ಟು ಹೇಳಿದ ಮೇಲೆ ಶಾಸ್ತ್ರಜ್ಞರಾದ ವಾಚಕರು ಒಂದು ಆಕ್ಷೇಪವನ್ನೆತ್ತುವರೆಂದು ಬಲ್ಲೆವು. ಸಂಸ್ಕೃತದಲ್ಲಿ ಪಂಕಪ್ರಕ್ಷಾಲನನ್ಯಾಯವೆಂಬುದೊಂದುಂಟು. ಕೆಸರನ್ನು ತುಳಿದು ಆಮೇಲೆ ಕಾಲು ತೊಳೆಯುವುದಕ್ಕಿಂತ ಕೆಸರನ್ನು ಮುಟ್ಟದೆ ದೂರವಿರುವುದೇ ಲೇಸೆಂಬುದು ಅದರ ತಾತ್ಪರ್ಯ. ಚಪ್ಪಲಿಯನ್ನು ಕಡಲಿಗೆಸೆದು ಆನೆ ಮಾಡುವುದೇಕೆ? ಎಸೆಯದಿದ್ದರಾಯಿತಲ್ಲವೇ? ಕೊರೆಯುವಾಗ ಉದುರುವ ಪುಡಿಯನ್ನು ಎಚ್ಚರದಿಂದ ಕೂಡಿಡದಿದ್ದರೆ ಅದೂ ಕಸವೇ ಅಲ್ಲವೇ? ಆನೆಯನ್ನು ಕೊಂಡವನು ತನ್ನ ಪಾಪ ಕಳೆಯಿತೆಂದು ಭಾವಿಸಿ ಇನ್ನೆರಡು ಜೊತೆ ಚಪ್ಪಲಿ ಕೊಳ್ಳಲಾರನೇ?

ಆಕ್ಷೇಪವು ನ್ಯಾಯವಾದುದೇ. ಆದರೆ ಆ ನ್ಯಾಯವನ್ನು ಹೇಳಿದುದು ತಾನಾಗಿ ಕೆಸರಿಗೆ ಕಾಲಿಡುವವನಿಗೆ. ಪರರು ಎರಚಿದ ಕೆಸರು ಮೈಮೇಲೆ ಬಿದ್ದವನಿಗಲ್ಲ. ಅವನು ತೊಳೆದುಕೊಳ್ಳಲೇಬೇಕು. ಕಿವಾಯುವಿನ ಹೆಂಗಸು ಆ ರಾಶಿಯನ್ನು ಹಾಕಿದವಳಲ್ಲ. ಅವಳ ಊರಿನವರೆಲ್ಲ ಹುಟ್ಟಿದಾಗಿನಿಂದ ಎಸೆದರೂ ಅಷ್ಟು ಚಪ್ಪಲಿಯಾಗದು.

ಹಾಗಾದರೆ ಯಾರದ್ದು? ಅಜ್ಜಿಯವರ ಪ್ರಶ್ನೆಗೆ ಈಗ ಬಂದೆವು. ಕಿವಾಯುವಿನಿಂದ ದಕ್ಷಿಣಕ್ಕೆ, ಅದೇ ಕಡಲಿನ ನಡುವೆ, ಸೇಷೆಲ್ಸ್ ದೇಶಕ್ಕೆ ಸೇರಿದ ಅಲ್ಡಾಬ್ರ ಎಂಬ ಹವಳದ ದ್ವೀಪವಿದೆ. ಅಲ್ಲಿ ಊರಿಲ್ಲ, ಪೇಟೆಯಿಲ್ಲ. ಸಂಶೋಧಕರ ಒಂದು ಸಣ್ಣ ಬಿಡಾರವುಂಟು. 2019ರಲ್ಲಿ ಸ್ವಯಂಸೇವಕರು ಐದು ವಾರ ದುಡಿದು ಅಲ್ಲಿಂದ 25 ಟನ್ನು ಕಸವನ್ನು ತೆಗೆದರು. ಇನ್ನೂ ಸುಮಾರು 513 ಟನ್ನು ಉಳಿದಿರಬೇಕೆಂದು ಮರುವರ್ಷ ಪ್ರಕಟವಾದ ಲೆಕ್ಕ. ತೂಕದಲ್ಲಿ ಬಹುಪಾಲು ಮೀನುಗಾರಿಕೆಯ ಬಲೆ ಹಗ್ಗಗಳು. ಚಪ್ಪಲಿಗಳೇ ಮೂರು ಲಕ್ಷಕ್ಕೆ ಮೀರಿದುವು. ಸೇಷೆಲ್ಸಿನ ದಡಗಳಿಗೆ ನೆಲದಿಂದ ಬರುವ ಕಸದ ಮೂಲವನ್ನು ಆಕ್ಸ್‌ಫರ್ಡಿನ ವಿದ್ವಾಂಸರು ಸಾಗರಪ್ರವಾಹಗಳ ಗಣಿತದಿಂದ ಪರಿಶೀಲಿಸಿ, 2023ರಲ್ಲಿ ಫಲವನ್ನು ಪ್ರಕಟಿಸಿದರು. ಮೊದಲ ಸ್ಥಾನ ಇಂಡೊನೇಷ್ಯಕ್ಕೆ. ಭಾರತಕ್ಕೂ ಶ್ರೀಲಂಕೆಗೂ ಅದರಲ್ಲಿ ಗಣನೀಯವಾದ ಪಾಲು.

ಒಂದು ಕಾಲದಲ್ಲಿ ಮಂಗಳೂರಿನ ಹೆಂಚು ಇದೇ ಕಡಲನ್ನು ದಾಟಿ ಪೂರ್ವ ಆಫ್ರಿಕದ ಮನೆಗಳ ಮಾಡನ್ನೇರಿತು. ನಮ್ಮ ನಾಡಿನ ಮಣ್ಣು ಪರನಾಡಿನವರಿಗೆ ನೆರಳಾಯಿತು. ಅದೇ ಕಡಲಿನ ಮೇಲೆ ಈಗ ನಾವು ಕಳುಹಿಸುತ್ತಿರುವುದೇನೆಂದು ಯೋಚಿಸಬೇಕು.

ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಕಳೆದುಹೋದರೆ ಶನಿ ಬಿಟ್ಟಿತೆಂದು ಸಮಾಧಾನ ಹೇಳುವುದು ನಮ್ಮಲ್ಲಿ ವಾಡಿಕೆ. ಹರಿದ ಚಪ್ಪಲಿಯನ್ನು ಮೋರಿಗೆ ಎಸೆದಾಗಲೂ ನಮಗೆ ಅಂಥದೇ ಹಗುರವಾದ ಭಾವನೆ. ಜೂನ್ ತಿಂಗಳ ಮೊದಲ ಮಳೆ ಮೋರಿಯನ್ನು ಗುಡಿಸಿ ಹಳ್ಳಕ್ಕೆ, ಹಳ್ಳ ನದಿಗೆ, ನದಿ ಕಡಲಿಗೆ ಒಯ್ಯುವುದು. ಶನಿ ನಮ್ಮನ್ನು ಬಿಟ್ಟಿತು, ನಿಜ. ಬಿಟ್ಟು ಎಲ್ಲಿಗೆ ಹೋಯಿತೆಂದು ನಾವು ಕೇಳಲಿಲ್ಲ. ಅದು ಒಬ್ಬ ಬೆಸ್ತರ ಹೆಂಗಸಿನ ಬಾಗಿಲಿಗೆ ಹೋಯಿತು. ಆಕೆ ಅದನ್ನು ಶಪಿಸದೆ, ತೊಳೆದು ಆನೆ ಮಾಡಿ ನಮ್ಮ ಮನೆಗೇ ಹಿಂದಕ್ಕೆ ಕಳುಹಿಸಿದಳು. ಪಂಕಪ್ರಕ್ಷಾಲನದಲ್ಲಿ ತೊಳೆಯುವ ಭಾಗವನ್ನು ಅವಳು ನೆರವೇರಿಸಿದಳು. ಮುಟ್ಟದಿರುವ ಭಾಗವು ನಮ್ಮದು.

ಅದಕ್ಕೆ ಗೃಹಸ್ಥರು ಮಾಡಬಹುದಾದುದು ದೊಡ್ಡ ತಪಸ್ಸೇನೂ ಅಲ್ಲ. ಹವಾಯಿ ಚಪ್ಪಲಿಯಲ್ಲಿ ಮೊದಲು ಕಿತ್ತುಹೋಗುವುದು ಬಾರು. ಅಟ್ಟೆ ಇನ್ನೂ ಗಟ್ಟಿಯಾಗಿಯೇ ಇರುವುದು. ನಮ್ಮ ಮನೆಗಳಲ್ಲಿ ಹಿಂದೆ ಬಾರನ್ನಷ್ಟೇ ಕೊಂಡು ತಂದು, ಸೋಪು ಸವರಿ ತೂತಿನಲ್ಲಿ ತೂರಿಸಿ, ಅದೇ ಅಟ್ಟೆಯನ್ನು ಸವೆಯುವವರೆಗೆ ಮೆಟ್ಟುತ್ತಿದ್ದರು. ಅದು ಜಿಪುಣತನವೆಂದು ನಾಚಿ ಬಿಟ್ಟೆವು, ಮತ್ತೆ ಹಿಡಿಯಬಹುದು. ರಸ್ತೆಯ ಬದಿಯಲ್ಲಿ ಕುಳಿತು ಜೋಡು ಹೊಲಿಯುವವನಿಗೆ ಕೆಲಸ ಕೊಡಬಹುದು. ಇನ್ನು ಮೆಟ್ಟಲಾಗದೆಂದಾದಾಗ ಮೋರಿಗೂ ಹೊಳೆಗೂ ಎಸೆಯದೆ ಒಣಕಸದಲ್ಲಿ ಬೇರೆಯಾಗಿ ಕೊಡಬಹುದು. ಪುಣ್ಯಸ್ನಾನಕ್ಕೆ ಹೋದವರು ಹಳೆಯದನ್ನೆಲ್ಲ ನದಿಗೆ ಬಿಡುವ ಪದ್ಧತಿಯನ್ನು ನಿಲ್ಲಿಸಬಹುದು. ತಾಯಿಯೆಂದು ಕರೆದ ನದಿಯ ಮಡಿಲಿಗೆ ಹರಿದ ಜೋಡನ್ನು ಹಾಕೆಂದು ಯಾವ ಶಾಸ್ತ್ರವೂ ಹೇಳಲಾರದು.

ಮೊನ್ನೆ ಅಜ್ಜಿಯವರನ್ನು ಕಂಡು, “ಆ ಚಪ್ಪಲಿ ಯಾರದ್ದೆಂದು ಕೇಳಿದಿರಲ್ಲ ತಾಯಿ, ನಮ್ಮದೇ ಇದ್ದರೂ ಇರಬಹುದು” ಎಂದು ಮೇಲಿನ ವೃತ್ತಾಂತವನ್ನೆಲ್ಲ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಮೊಮ್ಮಗನನ್ನು ಕರೆದು, ಆನೆಯನ್ನು ತರಿಸಿ, ಪಡಸಾಲೆಯ ಬಾಗಿಲ ಪಕ್ಕದಲ್ಲಿ ಎಲ್ಲರೂ ಚಪ್ಪಲಿ ಬಿಡುವ ಕಡೆ ಒಂದು ಸಣ್ಣ ಮಣೆಯ ಮೇಲೆ ಇರಿಸಿದರು. “ನಮ್ಮದೇ ಆದರೆ ಒಳಗೆ ಬಚ್ಚಿಡುವುದೇಕೆ, ಮೇಷ್ಟ್ರೇ? ಹೊರಡುವಾಗಲೂ ಬರುವಾಗಲೂ ಕಣ್ಣಿಗೆ ಬೀಳುತ್ತಿರಲಿ” ಎಂದರು.

ನಾವು ನಮ್ಮ ಜೋಡನ್ನು ಮೆಟ್ಟಿಕೊಂಡು ಮನೆಗೆ ಹೊರಟೆವು. ಎಡಗಾಲಿನದರ ಉಂಗುಷ್ಟ ಸಡಿಲವಾಗಿ ಬಹಳ ದಿನಗಳಾಗಿದ್ದುವು. ಹೊಸ ಜೊತೆಯನ್ನು ಕೊಳ್ಳಬೇಕೆಂದಿದ್ದೆವು. ದಾರಿಯಲ್ಲಿ ಹೊಲಿಯುವವನ ಬಳಿ ಕುಳಿತು ಅದನ್ನೇ ಬಿಗಿ ಮಾಡಿಸಿಕೊಂಡೆವು.