ಗೋಡೆಯ ಬೂಷ್ಟಿಗೆ ಪೇಂಟ್ ಮದ್ದಲ್ಲ

ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಕಪಾಟಿನ ಬಟ್ಟೆಗೆ ಬೂಷ್ಟು ಹಿಡಿಯುವುದು ಕರಾವಳಿಯ ನಮಗೆ ಹೊಸತಲ್ಲ. ವರ್ಷಕ್ಕೆ 3,500 ಮಿ.ಮೀ. ಮಳೆ ಸುರಿಯುವ ಊರು ನಮ್ಮದು. ಆದರೆ ಅದರ ಕಾಲುಭಾಗದ ಆಸುಪಾಸು ಮಳೆಯಾಗುವ ದಾಬಸ್‌ಪೇಟೆಗೆ ಬಂದು ಬಾಡಿಗೆ ಮನೆ ಹಿಡಿದವರೂ ಗೋಡೆಯ ಕಪ್ಪು ಕಲೆಯ ಬಗ್ಗೆ ದೂರುವುದುಂಟು. ‘ಇಲ್ಲಿ ಮಳೆಯೇ ಇಲ್ಲ, ಮತ್ತೆ ಇದೆಲ್ಲಿಂದ ಬಂತು?’

ಬೂಷ್ಟಿಗೆ ಮಳೆಯೇ ಬೇಕೆಂದಿಲ್ಲ, ತೇವ ಸಾಕು. ಹೆದ್ದಾರಿಯ ಲಾರಿ ಧೂಳು, ಸೋಂಪುರ ಕೈಗಾರಿಕಾ ಪ್ರದೇಶದ ಹೊಗೆ, ಸಂಜೆಯಾದರೆ ಸೊಳ್ಳೆ ಎಂದು ಕಿಟಕಿ ಮುಚ್ಚಿಯೇ ಇರುತ್ತದೆ. ಒಳಗೆ ಅನ್ನದ ಹಬೆ, ಸ್ನಾನದ ಬಿಸಿನೀರಿನ ಆವಿ, ಹಗ್ಗದ ಮೇಲೆ ಒದ್ದೆ ಬಟ್ಟೆ, ನಾಲ್ಕೈದು ಜನರ ಉಸಿರು. ಬಯಲುಸೀಮೆಯ ಚಳಿಗಾಲದ ರಾತ್ರಿ ಹೊರಗೋಡೆ ತಣ್ಣಗಾದಾಗ ಈ ಆವಿಯೆಲ್ಲ ಅಲ್ಲೇ ನೀರಾಗಿ ಕೂರುತ್ತದೆ, ಅದರಲ್ಲೂ ಬೀರುವಿನ ಹಿಂದೆ, ಮಂಚದ ಮೂಲೆಯಲ್ಲಿ. ಊರಿನ ಹಂಚಿನ ಮನೆಗೆ ಸಂದಿಯಿಂದಲಾದರೂ ಗಾಳಿ ಬರುತ್ತಿತ್ತು. ತಾರಸಿ ಮನೆಗೆ ಆ ಭಾಗ್ಯ ಇಲ್ಲ.

ಇದರಿಂದ ಆರೋಗ್ಯಕ್ಕೇನು? ಸೀನು, ಮೂಗು ಸೋರುವುದು, ಬಿಡದ ಕೆಮ್ಮು. ಉಬ್ಬಸ ಇದ್ದವರಿಗೆ ಅದು ಕೆರಳುತ್ತದೆ. ಹಿಂದೆ ಟಿಬಿ ಬಂದು ಶ್ವಾಸಕೋಶ ಹಾಳಾದವರಿಗೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಶಿಲೀಂಧ್ರ ಒಳಗೇ ಬೆಳೆಯುವ ಅಪಾಯವೂ ಇದೆ. ಹಾಗೆಂದು ಗಾಬರಿ ಬೇಡ. 2021ರಲ್ಲಿ ಕೋವಿಡ್ ಎರಡನೇ ಅಲೆಯ ಹೊತ್ತಿಗೆ ಈರುಳ್ಳಿ ಸಿಪ್ಪೆಯ ಕಪ್ಪು, ಫ್ರಿಜ್ ರಬ್ಬರಿನ ಕಪ್ಪು ಎಲ್ಲವೂ ‘ಬ್ಲ್ಯಾಕ್ ಫಂಗಸ್’ ಎಂದು ವಾಟ್ಸ್ಆ್ಯಪ್‌ನಲ್ಲಿ ಹಬ್ಬಿಸಿದ್ದರಲ್ಲ, ಅದು ಸುಳ್ಳು. ಆ ಕಾಯಿಲೆ ಬೇರೆ ಶಿಲೀಂಧ್ರದ್ದು, ಹೆಚ್ಚಾಗಿ ಕಾಡಿದ್ದು ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯವರನ್ನು, ಸ್ಟೀರಾಯ್ಡ್ ಪಡೆದವರನ್ನು. ಆದರೆ ಇಷ್ಟು ಬೂಷ್ಟು ಇದ್ದರೆ ಪರವಾಗಿಲ್ಲ ಎಂಬ ಅಳತೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲೂ ಕೊಟ್ಟಿಲ್ಲ. ತೇವ ತಡೆಯಿರಿ ಎಂದಷ್ಟೇ ಹೇಳಿದೆ.

ಸಣ್ಣ ಜಾಗವಾದರೆ ನಾವೇ ತೆಗೆಯಬಹುದು. ಮೂಗು-ಬಾಯಿಗೆ ಎನ್-95 ಮಾಸ್ಕ್, ಕೈಗೆ ಗ್ಲೌಸ್, ಕಿಟಕಿ ತೆರೆದಿರಲಿ, ಮಕ್ಕಳು ಪಕ್ಕದ ಮನೆಯಲ್ಲಿರಲಿ. ಒಣಗಿದ ಬೂಷ್ಟನ್ನು ಪೊರಕೆಯಿಂದ ಗುಡಿಸಬೇಡಿ, ಕಣಗಳು ಮನೆಯಿಡೀ ಹಾರುತ್ತವೆ. ಸೋಪಿನ ನೀರಲ್ಲಿ ಒದ್ದೆ ಮಾಡಿ ಉಜ್ಜಿ, ಒರೆಸಿ, ಪೂರ್ತಿ ಒಣಗಿಸಿ. ಒಂದು ಮಾತನ್ನು ಉಮ್ಮಂದಿರಿಗೆ ಒತ್ತಿ ಹೇಳಬೇಕು: ಬ್ಲೀಚಿಂಗ್ ಪೌಡರ್ ಮತ್ತು ಟಾಯ್ಲೆಟ್ ಆಸಿಡ್ ಯಾವತ್ತೂ ಬೆರೆಸಬೇಡಿ. ಹೊರಡುವುದು ಕ್ಲೋರಿನ್ ವಿಷಾನಿಲ. ಮುಚ್ಚಿದ ಬಚ್ಚಲಲ್ಲಿ ಅದು ಬೂಷ್ಟಿಗಿಂತ ಮೊದಲು ಜೀವಕ್ಕೆ ಎರವಾದೀತು.

ತೊಳೆದರೂ ಮತ್ತೆ ಬಂತೆಂದರೆ ಪೈಪ್ ಸೋರುತ್ತಿರಬಹುದು, ಅಥವಾ ತಾರಸಿ ಬಿರುಕು ಬಿಟ್ಟಿರಬಹುದು. ಅದು ಮನೆ ಮಾಲೀಕರ ಕೆಲಸ. ಅವರ ಉತ್ತರ ಗೊತ್ತೇ ಇದೆ: ‘ಒಂದು ಕೋಟ್ ಪೇಂಟ್ ಹೊಡೀರಿ, ಹೋಗ್ತದೆ.’

ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲೂ ಇದನ್ನೇ ಹೇಳಿದ್ದರು. ಸುಡಾನಿನಿಂದ ಬಂದ ಫೈಸಲ್ ಅಬ್ದುಲ್ಲಾ 2017ರಲ್ಲಿ ಬೂಷ್ಟಿನ ದೂರು ಕೊಟ್ಟಾಗ ಸಿಕ್ಕಿದ ಸಲಹೆ ಮೇಲೆ ಬಣ್ಣ ಹೊಡೆಯಿರಿ ಎಂಬುದು. ಕುಟುಂಬದ ಸ್ನಾನದ ರೂಢಿಯಿಂದಲೇ ತೇವ ಎಂದೂ ಮನೆ ಕೊಟ್ಟ ಸಂಸ್ಥೆ ಊಹಿಸಿಕೊಂಡಿತ್ತು. 2020ರ ಡಿಸೆಂಬರಿನಲ್ಲಿ, ಎರಡು ವರ್ಷ ತುಂಬಿ ವಾರ ಕಳೆಯುವಷ್ಟರಲ್ಲಿ, ಮಗ ಅವಾಬ್ ಇಶಾಕ್ ತೀರಿಕೊಂಡ. ಮನೆಯ ಬೂಷ್ಟೇ ಕಾರಣ ಎಂದು 2022ರಲ್ಲಿ ಮರಣ ವಿಚಾರಣೆ ತೀರ್ಮಾನಿಸಿತು. ಆ ತಂದೆ-ತಾಯಿಯ ಹೋರಾಟದಿಂದ ಬಂದ ‘ಅವಾಬ್ ಕಾನೂನು’ 2025ರ ಅಕ್ಟೋಬರ್ 27ರಿಂದ ಜಾರಿಯಲ್ಲಿದೆ. ಸಾಮಾಜಿಕ ವಸತಿ ಸಂಸ್ಥೆಗಳು ತುರ್ತು ಅಪಾಯವನ್ನು 24 ಗಂಟೆಯೊಳಗೆ ಸರಿಪಡಿಸಲೇಬೇಕು.

ನಮ್ಮಲ್ಲಿ ಅಂಥದ್ದಿಲ್ಲ. ಆದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು ಒಂದು ದಾರಿ ಇಟ್ಟಿದೆ. ಮಾಲೀಕರು ಮಾಡಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು, ಕರಾರಿನಲ್ಲಿ ಬೇರೆ ಬರೆದಿರದಿದ್ದರೆ. ಸಹಿ ಹಾಕುವ ಮುನ್ನ ಸೋರಿಕೆಯ ರಿಪೇರಿ ಯಾರದ್ದೆಂದು ಕರಾರಿನಲ್ಲಿ ಬರೆಸಿ. ಬಂದ ದಿನವೇ ಗೋಡೆಗಳ ಫೋಟೊ ತೆಗೆದಿಡಿ. ದೂರನ್ನು ಫೋನಲ್ಲಿ ಹೇಳಿ ಬಿಡದೆ, ತಾರೀಕು ಹಾಕಿ ಬರೆದು ಕೊಡಿ.