ಆಲೆಮನೆಯ ಹೊಗೆ, ಸ್ವಚ್ಛ ತಂತ್ರಜ್ಞಾನದ ಉದ್ಯಮಿ ಮತ್ತು ಸಮಾಜದ ಹೊಣೆ

ಮದ್ದೂರಿನ ಶಿವಪುರ ಎಂದೊಡನೆ ನೆನಪಾಗುವುದು 1938ರ ಏಪ್ರಿಲ್ ತಿಂಗಳ ಧ್ವಜ ಸತ್ಯಾಗ್ರಹ. ಟಿ. ಸಿದ್ದಲಿಂಗಯ್ಯನವರ ನೇತೃತ್ವದಲ್ಲಿ ನಿಷೇಧಾಜ್ಞೆಯನ್ನು ಮೀರಿ ಧ್ವಜ ಹಾರಿಸಿದ ಊರದು. ಅದೇ ಸೀಮೆಯ ರೈತನನ್ನು ಇಂದು ಕಾಡುತ್ತಿರುವುದು ಬದಲಾಗುತ್ತಿರುವ ಹವಾಮಾನ. 2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಕೃಷ್ಣರಾಜಸಾಗರ ತುಂಬಲಿಲ್ಲ. ಕಾವೇರಿ ನೀರಿಗಾಗಿ ಮಂಡ್ಯದ ರೈತರು ಬೀದಿಗಿಳಿದರು. ಕಬ್ಬು ಮತ್ತು ಭತ್ತವನ್ನೇ ನಂಬಿದ ಜಿಲ್ಲೆಗೆ ಇದು ದೂರದ ಸುದ್ದಿಯಲ್ಲ.

ಗ್ಲಾಸ್ಗೊ ಸಮ್ಮೇಳನದಲ್ಲಿ ಭಾರತವು 2070ರ ವೇಳೆಗೆ ಇಂಗಾಲ ಹೊರಸೂಸುವಿಕೆಯನ್ನು ನಿವ್ವಳ ಶೂನ್ಯಕ್ಕೆ ತರುವುದಾಗಿ 2021ರಲ್ಲಿ ಹೇಳಿತು. ಆದರೆ ಇಂತಹ ಗುರಿ ಈಡೇರಬೇಕಾದದ್ದು ದೊಡ್ಡ ಸೌರ ಪಾರ್ಕ್‌ಗಳಲ್ಲಿ ಮಾತ್ರವಲ್ಲ, ಹಳ್ಳಿಯ ಒಲೆ, ಪಂಪ್‌ಸೆಟ್ ಮತ್ತು ಆಲೆಮನೆಗಳಲ್ಲಿಯೂ ಹೌದು. ಸಾಂಪ್ರದಾಯಿಕ ಆಲೆಮನೆಯ ಕುಲುಮೆಯಲ್ಲಿ ಕಬ್ಬಿನ ರಚ್ಚು ಉರಿಯುವಾಗ ಶಾಖದ ಬಹುಪಾಲು ಹೊಗೆಯೊಂದಿಗೆ ಹೊರಟುಹೋಗುತ್ತದೆ. ಒಂದೇ ಕೊಪ್ಪರಿಗೆಯ ಬದಲು ಸಾಲಾಗಿ ಎರಡು ಮೂರು ಕೊಪ್ಪರಿಗೆ ಇಟ್ಟರೆ ಹೊರಹೋಗುವ ಬಿಸಿಯಿಂದಲೇ ಮುಂದಿನ ಹಾಲು ಕಾಯುತ್ತದೆ. ರಚ್ಚು ಉಳಿಯುತ್ತದೆ, ಕುಲುಮೆಯ ಮುಂದೆ ನಿಲ್ಲುವ ಕಾರ್ಮಿಕನಿಗೆ ಹೊಗೆ ಕಡಿಮೆಯಾಗುತ್ತದೆ. ಈ ಜ್ಞಾನ ಹೊಸದಲ್ಲ. ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆಯನ್ನು ರೂಪಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರವೇ.

ಹಾಗಿದ್ದರೆ ತೊಡಕೆಲ್ಲಿ? ಮಾದರಿ ಯಂತ್ರ ತಯಾರಿಸಲು ಅನುದಾನ ಸಿಗುತ್ತದೆ. ರಾಜ್ಯ ಸರ್ಕಾರದ ‘ಎಲಿವೇಟ್’ ಯೋಜನೆಯಲ್ಲಿ ನವೋದ್ಯಮಕ್ಕೆ 50 ಲಕ್ಷ ರೂಪಾಯಿವರೆಗೆ ನೆರವುಂಟು. ವ್ಯಾಪಾರ ನೆಲೆ ನಿಂತ ಮೇಲೆ ಬ್ಯಾಂಕುಗಳೂ ಸಾಲ ಕೊಡುತ್ತವೆ. ನಡುವಿನ ದಾರಿಯೇ ಕಷ್ಟದ್ದು. ಮೊದಲ ಐವತ್ತು ಗ್ರಾಹಕರು ಯಾರು? ಯಂತ್ರ ಕೆಟ್ಟರೆ ನಷ್ಟ ಯಾರದು? ಒಂದು ಹಂಗಾಮಿನ ಬೆಲ್ಲವನ್ನೇ ನಂಬಿದ ಸಣ್ಣ ಆಲೆಮನೆಯವನು ಪ್ರಯೋಗಕ್ಕೆ ಒಡ್ಡಿಕೊಳ್ಳಲು ಹೆದರುವುದು ಸಹಜ. ಎಷ್ಟೋ ಒಳ್ಳೆಯ ಉಪಕರಣಗಳು ಸೋಲುವುದು ಪ್ರಯೋಗಾಲಯದಲ್ಲಲ್ಲ, ಇಲ್ಲಿ.

ಈ ದಾರಿ ದಾಟಿದವರ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. 1995ರಲ್ಲಿ ಆರಂಭವಾದ ಸೆಲ್ಕೊ ಸಂಸ್ಥೆಯ ಹರೀಶ್ ಹಂದೆಯವರು 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಸೌರದೀಪಕ್ಕಿಂತ ಅದನ್ನು ಕೊಳ್ಳುವ ಬಗೆಯನ್ನು ಬದಲಿಸಿದ್ದೇ ಅವರ ದೊಡ್ಡ ಸಾಧನೆ. ತಿಂಗಳಿಗೆ ಮುನ್ನೂರು ರೂಪಾಯಿ ಕಷ್ಟ, ದಿನಕ್ಕೆ ಹತ್ತು ರೂಪಾಯಿಯಾದರೆ ಸಾಧ್ಯ ಎಂಬ ಬೀದಿ ವ್ಯಾಪಾರಿಯ ಲೆಕ್ಕದಿಂದ ಕಲಿತದ್ದನ್ನು ಅವರು ಹಲವು ಕಡೆ ಹೇಳಿದ್ದಾರೆ. ಗ್ರಾಮೀಣ ಬ್ಯಾಂಕುಗಳು ಬಳಕೆದಾರನಿಗೆ ಸಾಲ ಕೊಟ್ಟವು, ಕಂಪನಿ ಊರಿನ ಹತ್ತಿರವೇ ದುರಸ್ತಿ ವ್ಯವಸ್ಥೆ ಮಾಡಿತು.

ಜೈನ ಸಮಾಜ ಹೆಮ್ಮೆಪಡಬೇಕಾದ ಇನ್ನೊಂದು ಉದಾಹರಣೆ ಧರ್ಮಸ್ಥಳದ್ದು. ಡಾ. ಡಿ. ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಆರಂಭಿಸಿದ ಗ್ರಾಮಾಭಿವೃದ್ಧಿ ಯೋಜನೆಯು ಸಂಘಗಳ ಮೂಲಕ ಸೌರದೀಪ, ಗೋಬರ್ ಗ್ಯಾಸ್ ಮತ್ತು ಸುಧಾರಿತ ಒಲೆಗಳಿಗೆ ಸಾಲ ಒದಗಿಸಿತು. ಈ ಕೆಲಸಕ್ಕೆ 2012ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಬಂತು. ಯಂತ್ರ ಮಾಡಿದವರು ಬೇರೆ, ವಿಶ್ವಾಸ ಕೊಟ್ಟವರು ಬೇರೆ. ಎರಡೂ ಸೇರಿದಾಗ ಕೆಲಸ ನಡೆಯಿತು.

ಜೈನಾಚಾರಕ್ಕೆ ಇದು ಹೊರಗಿನ ವಿಷಯವಲ್ಲ. ಪೃಥ್ವಿ, ಜಲ, ಅಗ್ನಿ, ವಾಯು, ವನಸ್ಪತಿ, ತ್ರಸ ಎಂಬ ಷಟ್ಕಾಯ ಜೀವಗಳ ರಕ್ಷಣೆ ನಮ್ಮ ಮೂಲಪಾಠ. ಶ್ರಾವಕನಿಗೆ ಸಂಕಲ್ಪೀ ಹಿಂಸೆ ಸಂಪೂರ್ಣ ತ್ಯಾಜ್ಯ. ಜೀವನೋಪಾಯದಲ್ಲಿ ಒದಗುವ ಉದ್ಯೋಗೀ ಹಿಂಸೆ ಪೂರ್ತಿ ತಪ್ಪುವಂಥದ್ದಲ್ಲ, ಆದರೆ ಯತ್ನಾಚಾರದಿಂದ ಅದನ್ನು ತಗ್ಗಿಸಬೇಕು. ಶ್ರಾವಕನು ಬಿಡಬೇಕೆಂದು ಹೇಳಿರುವ ಹದಿನೈದು ಕರ್ಮಾದಾನಗಳಲ್ಲಿ ಇದ್ದಿಲು ಸುಡುವ ಅಂಗಾರಕರ್ಮವೂ ಗಾಣದ ಯಂತ್ರಪೀಡನವೂ ಸೇರಿವೆ. ಹಣ ಎಲ್ಲಿಂದ ಬರುತ್ತದೆ ಎಂದು ಕೇಳುವ ಧರ್ಮ, ಅದು ಎಲ್ಲಿಗೆ ಹೋಗುತ್ತದೆ ಎಂದೂ ಕೇಳಬೇಕು.

ವ್ಯಾಪಾರ ಬಲ್ಲ ಸಮಾಜಕ್ಕೆ ಮೂರು ಕೆಲಸಗಳು ಸಾಧ್ಯ. ಮೊದಲನೆಯದು, ಬಸದಿ, ಮಠ, ವಿದ್ಯಾರ್ಥಿನಿಲಯ ಮತ್ತು ಭೋಜನಶಾಲೆಗಳು ಇಂತಹ ಉಪಕರಣಗಳ ಮೊದಲ ಗ್ರಾಹಕರಾಗುವುದು. ಎರಡನೆಯದು, ಟ್ರಸ್ಟ್‌ಗಳು ದಾನದ ಒಂದು ಭಾಗವನ್ನು ಸಣ್ಣ ಉದ್ಯಮಿಯ ಸಾಲಕ್ಕೆ ಖಾತರಿಯಾಗಿಡುವುದು. ಹೀಗಿಟ್ಟ ಹಣ ಮರಳಿ ಬಂದು ಇನ್ನೊಬ್ಬರಿಗೆ ನೆರವಾಗಬಲ್ಲದು. ಮೂರನೆಯದು, ಯುವಕರಿಗೆ ಇರುವ ಸೌಲಭ್ಯಗಳನ್ನು ತಿಳಿಸುವುದು. 2014ರಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸ್ಥಾನ ದೊರೆತಿದೆ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಶ್ರಮಶಕ್ತಿಯಂಥ ಸಾಲ ಯೋಜನೆಗಳಿಗೆ ಅರ್ಜಿ ಹಾಕಬಹುದು.

ಎಚ್ಚರವೂ ಬೇಕು. ‘ಸ್ವಚ್ಛ’ ಎಂಬ ಹೆಸರಿದ್ದ ಮಾತ್ರಕ್ಕೆ ಎಲ್ಲವೂ ನಿರ್ದೋಷವಲ್ಲ. ಹಳೆಯ ಬ್ಯಾಟರಿಯ ಸೀಸ ಮಣ್ಣು ನೀರನ್ನು ಕೆಡಿಸುತ್ತದೆ. ಕೆಟ್ಟ ಪಂಪ್ ದುರಸ್ತಿಯಾಗದೆ ಬಿದ್ದರೆ ರೈತ ಮುಂದಿನ ಉದ್ಯಮಿಯನ್ನೂ ನಂಬುವುದಿಲ್ಲ. ಹಣ ಕೊಡುವವರು ಉದ್ಘಾಟನೆಯ ಫಲಕಕ್ಕಿಂತ ಐದು ವರ್ಷದ ದುರಸ್ತಿಯ ಲೆಕ್ಕ ಕೇಳಬೇಕು.

ಮದ್ದೂರು ತಾಲ್ಲೂಕಿನ ಆರೆತಿಪ್ಪೂರಿನ ಬೆಟ್ಟದಲ್ಲಿ ಬಾಹುಬಲಿ ಮೂರ್ತಿಯೂ ಬಸದಿಗಳ ಅವಶೇಷಗಳೂ ಇವೆ. ಅವನ್ನು ಕಟ್ಟಿಸಿದ ಕಾಲದ ಶ್ರಾವಕರ ದಾನ ಕಲ್ಲಾಗಿ ಉಳಿದಿದೆ. ಅದೇ ಬೆಟ್ಟದ ಸುತ್ತಲಿನ ಕಬ್ಬಿನ ಗದ್ದೆಗೆ ನೀರು, ಆಲೆಮನೆಯ ಕೂಲಿಯವನಿಗೆ ಶುದ್ಧ ಗಾಳಿ ಉಳಿಸುವುದು ಈ ಕಾಲದ ದಾನ.